ನಾವು ಸೇರಿದ್ದು ಯಾತಕ್ಕೆ?

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವವರ ಫೋನಿನಲ್ಲಿ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬರವಿಲ್ಲ. ಅಪಾರ್ಟ್‌ಮೆಂಟಿನದೊಂದು, ಅಡ್ಡರಸ್ತೆಯದೊಂದು, ಶಾಲೆಯ ಪೋಷಕರದೊಂದು, ಬೆಳಗಿನ ವಾಕಿಂಗ್‌ನವರದೊಂದು. ಯಾವುದೋ ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಲೆಂದು ಶುರುವಾಗಿ, ಮಳೆ ಬಂದ ಮೇಲೂ ಮುಚ್ಚದೆ ಉಳಿದದ್ದು ಇನ್ನೊಂದು. ಹೆಸರು ನೋಡಿದರೆ ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ. ಎರಡು ವರ್ಷ ಕಳೆದ ಮೇಲೆ ಒಳಗೆ ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಬೆಳಿಗ್ಗೆ ಶುಭೋದಯದ ಚಿತ್ರ, ಮಧ್ಯಾಹ್ನ ಬಾಡಿಗೆ ಮನೆಯ ವಿಚಾರ, ಯಾರದೋ ಹುಟ್ಟುಹಬ್ಬಕ್ಕೆ ಸಾಲುಸಾಲು ಶುಭಾಶಯ, ರಾತ್ರಿಯಾದರೆ ಪಕ್ಷರಾಜಕೀಯದ ಜಗಳ. ನೀರಿನ ಮಾತು ಇವೆಲ್ಲದರ ಅಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ.

ಇದು ಸಣ್ಣ ಕಿರಿಕಿರಿ, ಗ್ರೂಪನ್ನು ಮ್ಯೂಟ್ ಮಾಡಿದರೆ ಮುಗಿಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೋವಿಡ್‌ನ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಬೆಂಗಳೂರಿನ ಸಾವಿರಾರು ಮನೆಗಳವರು ಆಮ್ಲಜನಕದ ಸಿಲಿಂಡರನ್ನೂ ಆಸ್ಪತ್ರೆಯ ಹಾಸಿಗೆಯನ್ನೂ ಹುಡುಕಿಕೊಂಡದ್ದು ಇಂಥ ಗ್ರೂಪುಗಳಲ್ಲೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಯಾವ ಟ್ಯಾಂಕರಿಗೆ ಎಷ್ಟು ಕೊಡಬೇಕು, ಯಾರು ಹೆಚ್ಚು ಕೀಳುತ್ತಿದ್ದಾರೆ ಎಂಬ ಸುದ್ದಿ ಹರಿದದ್ದೂ ಇಲ್ಲೇ. ನೆರೆಹೊರೆಯವರು ಕೂಡಿ ಮಾಡುವ ಕೆಲಸದ ಬಹುಪಾಲು ಈಗ ಫೋನಿನೊಳಗೆ ಸೇರಿಕೊಂಡಿದೆ. ಅಲ್ಲಿ ಕೆಲಸದ ಮಾತು ಕಳೆದುಹೋದರೆ ಹೊರಗೆ ಕೆಲಸವೇ ನಿಲ್ಲುತ್ತದೆ. ಆದ್ದರಿಂದ ಗುಂಪುಗಳು ಬೆಳೆಯುತ್ತಾ ಹೋದಂತೆ ಹುಟ್ಟಿದ ಉದ್ದೇಶವನ್ನು ಬಿಟ್ಟುಕೊಡುವುದು ಏಕೆ, ಎಲ್ಲ ಗುಂಪುಗಳೂ ಬಿಟ್ಟುಕೊಡಲೇಬೇಕೆ ಎಂಬುದನ್ನು ಸಾವಧಾನವಾಗಿ ನೋಡಬೇಕಾಗಿದೆ.

ಇದನ್ನು ನೋಡಲು ಪುಟ್ಟೇನಹಳ್ಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಲ್ಲಿ ಸುಮಾರು 13 ಎಕರೆಯ ಕೆರೆಯೊಂದಿದೆ. ಪುಟ್ಟಕೆರೆ ಎಂದೂ ಕರೆಯುತ್ತಾರೆ. ಯಲಹಂಕದ ಕಡೆಯ ಪುಟ್ಟೇನಹಳ್ಳಿ ಕೆರೆ ಬೇರೆ. 2008ರ ಹೊತ್ತಿಗೆ ಇದು ಕಟ್ಟಡದ ಮಣ್ಣು, ಕಸ ಸುರಿಯುವ ಜಾಗವಾಗಿ ಹೋಗಿತ್ತು. ಸಮೀಪದ ಅಪಾರ್ಟ್‌ಮೆಂಟಿನಲ್ಲಿದ್ದ ಲೇಖಕಿ ಉಷಾ ರಾಜಗೋಪಾಲನ್ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಅಧಿಕಾರಿಗಳ ಬೆನ್ನು ಹತ್ತಿದರು. 2010ರಲ್ಲಿ ಪುಟ್ಟೇನಹಳ್ಳಿ ನೇಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್ ನೋಂದಣಿಯಾಯಿತು. 2011ರ ಮೇ ತಿಂಗಳಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಕೆರೆಯ ನಿರ್ವಹಣೆಯನ್ನು ಒಪ್ಪಂದದ ಮೂಲಕ ಈ ಟ್ರಸ್ಟಿಗೆ ವಹಿಸಿತು. ನಗರದಲ್ಲಿ ನಾಗರಿಕರ ಬಳಗವೊಂದಕ್ಕೆ ಕೆರೆ ವಹಿಸಿದ್ದು ಅದೇ ಮೊದಲು.

ಆಮೇಲಿನ ವರ್ಷಗಳಲ್ಲಿ ಬಳಗ ಬೆಳೆಯಿತು. ಸ್ವಯಂಸೇವಕರು ಬಂದರು, ದೇಣಿಗೆ ಕೊಡುವವರು ಬಂದರು, ಹಕ್ಕಿ ನೋಡುವವರು, ಮಕ್ಕಳನ್ನು ಕರೆತರುವವರು, ಬರೀ ನಡೆಯಲು ಬರುವವರು ಎಲ್ಲರೂ ಬಂದರು. ಆದರೂ ಬಳಗದ ಗಮನ ಕೆರೆಯ ಮೇಲೇ ಉಳಿಯಿತು. ಕಳೆ ತೆಗೆಸುವುದು, ಗಿಡಕ್ಕೆ ನೀರು ಹಾಯಿಸುವುದು, ಕೊಳಚೆ ಒಳನುಗ್ಗದಂತೆ ಕಾಯುವುದು, ಮಳೆ ಕೈಕೊಟ್ಟಾಗ ಹತ್ತಿರದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ತಿರುಗಿಸುವುದು. ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಅದೇ ನೆಲ, ಅದೇ ಜನ, ಅದೇ ಫೋನುಗಳು. ಸುತ್ತಲಿನ ಎಷ್ಟೋ ಗ್ರೂಪುಗಳು ಹರಟೆಯಲ್ಲಿ ಕರಗಿಹೋಗುವಾಗ ಇದು ಹೇಗೆ ಉಳಿಯಿತು? ನನಗೆ ತೋರುವ ಕಾರಣ ಒಂದೇ. ಈ ಬಳಗ ಪ್ರತಿ ವಾರ ಯಾವುದಕ್ಕಾದರೂ ಲೆಕ್ಕ ಒಪ್ಪಿಸಬೇಕಾಗಿತ್ತು. ನೀರಿನ ಮಟ್ಟ ಇಳಿದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಮೀನು ಸತ್ತು ತೇಲಿದರೆ ಅದನ್ನು ಯಾರೂ ಮ್ಯೂಟ್ ಮಾಡಲಾರರು. ಟ್ರಸ್ಟ್ ಎಂದ ಮೇಲೆ ಹಣದ ಲೆಕ್ಕ, ಪಾಲಿಕೆಗೆ ಉತ್ತರ, ತೋಟದ ಕೆಲಸಗಾರರಿಗೆ ತಿಂಗಳ ಸಂಬಳ ಇದ್ದೇ ಇರುತ್ತವೆ. ಮಾತೊಂದನ್ನೇ ಬಂಡವಾಳ ಮಾಡಿಕೊಂಡ ಗುಂಪಿಗೆ ಇಂಥ ಯಾವ ಕಟ್ಟೂ ಇಲ್ಲ.

ಆದರೆ ಉದ್ದೇಶ ಎನ್ನುವುದೇನು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಈ ಕೆರೆಗೆ ಅಪಾರ್ಟ್‌ಮೆಂಟಿನವರಿಗಿಂತ ಮೊದಲು ಇನ್ನೊಂದು ಬಳಗವಿತ್ತು: ಹಳ್ಳಿ. ಬೆಂಗಳೂರು ಸೀಮೆಯ ಕೆರೆಗಳ ಕೆಳಗೆ ಗದ್ದೆಗೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ, ಊರ ಕೆಲಸಕ್ಕೆ ತೋಟಿ ಇರುತ್ತಿದ್ದ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು, ಹೂಳು ಎತ್ತುವುದಕ್ಕೆ ಯಾವ ಮನೆಯಿಂದ ಯಾರು ಬರಬೇಕು, ಎಲ್ಲಕ್ಕೂ ಕಟ್ಟಳೆ ಇತ್ತು. ದನ ತೊಳೆಯುವುದು, ಬಟ್ಟೆ ಒಗೆಯುವುದು, ಮೀನು ಹಿಡಿಯುವುದು, ಕೆರೆಯಂಗಳದಲ್ಲಿ ಸೊಪ್ಪು ಕೊಯ್ಯುವುದು ಇವೆಲ್ಲ ಕೆರೆಯ ಬಳಕೆಯೇ ಆಗಿದ್ದವು. ಗದ್ದೆಯ ಮೇಲೆ ಲೇಔಟ್ ಬಂದಾಗ ಆ ಬಳಗದ ಉದ್ದೇಶವೇ ಇಲ್ಲವಾಯಿತು. ಹಕ್ಕಿ, ಅಂತರ್ಜಲ, ಶುದ್ಧ ಗಾಳಿ ಎಂಬ ಹೊಸ ಉದ್ದೇಶ ಬಂತು. ಹರಿಣಿ ನಾಗೇಂದ್ರ, ಹಿತಾ ಉನ್ನಿಕೃಷ್ಣನ್ ಮೊದಲಾದ ಸಂಶೋಧಕರು ಬೆಂಗಳೂರಿನ ಕೆರೆಗಳ ಬಗ್ಗೆ ಬರೆಯುವಾಗ ಮತ್ತೆ ಮತ್ತೆ ಎತ್ತಿರುವ ಪ್ರಶ್ನೆ ಇದೇ: ಹೊಸ ಉದ್ದೇಶ ಬಂದಾಗ ಹಳೆಯ ಬಳಕೆದಾರರು ಎಲ್ಲಿ ಹೋದರು? ಪುಟ್ಟೇನಹಳ್ಳಿ ಕೆರೆಯಂಚಿನ ಒಂದು ಪಾಲಿನಲ್ಲಿ ಬಡ ಕುಟುಂಬಗಳು ಮನೆ ಕಟ್ಟಿಕೊಂಡಿದ್ದವು. ಅದರ ತೆರವಿನ ವಿವಾದ ವರ್ಷಗಟ್ಟಲೆ ಎಳೆಯಿತು. ಕೆರೆ ಉಳಿಯಬೇಕು ಎನ್ನುವುದೂ ನ್ಯಾಯ, ತಲೆಯ ಮೇಲೆ ಸೂರು ಬೇಕು ಎನ್ನುವುದೂ ನ್ಯಾಯ. ಇಂಥ ಪ್ರಶ್ನೆಯನ್ನು ಮನೆ ಮಾಲೀಕರೇ ತುಂಬಿರುವ ಗ್ರೂಪಿನಲ್ಲಿ ಚರ್ಚಿಸಿದರೆ ಬರುವ ಉತ್ತರ ಯಾವುದೆಂದು ಮೊದಲೇ ಹೇಳಬಹುದು. ಗುಂಪು ಉದ್ದೇಶಕ್ಕೆ ಅಂಟಿಕೊಂಡಿದೆಯೇ ಎಂದು ಕೇಳುವಾಗಲೇ, ಆ ಉದ್ದೇಶ ಬರೆದವರು ಯಾರು ಎಂದೂ ಕೇಳಬೇಕು.

ಇನ್ನು ಹೊರಗಿನ ಪ್ರಪಂಚ. ಬೆಳೆದ ಗುಂಪು ದಿಕ್ಕು ತಪ್ಪುತ್ತದೆ ಎಂಬ ದೂರು ಇಂಟರ್‌ನೆಟ್‌ನಷ್ಟೇ ಹಳೆಯದು. 1978ರಲ್ಲಿ ಅಮೆರಿಕದಲ್ಲಿ ಕಮ್ಯೂನಿಟ್ರೀ ಎಂಬ ಕಂಪ್ಯೂಟರ್ ಚರ್ಚಾಕೂಟ ಹುಟ್ಟಿತು. ಎಲ್ಲರಿಗೂ ಮುಕ್ತ ಪ್ರವೇಶ ಎಂಬ ಆದರ್ಶ ಅದರದು. ಕೆಲವು ವರ್ಷಗಳಲ್ಲಿ ಶಾಲಾ ಹುಡುಗರು ನುಗ್ಗಿ ಅಶ್ಲೀಲ ಮಾತು ತುಂಬಿಸಿದರು. ತಡೆಯುವ ಯಾವ ಉಪಾಯವನ್ನೂ ಇಟ್ಟುಕೊಂಡಿರದ ಕೂಟ ಮುಚ್ಚಿಹೋಯಿತು. ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಒಂದೆರಡು ತಿಂಗಳಲ್ಲಿ ಅಲ್ಲಿನ ರೀತಿನೀತಿ ಕಲಿಯುತ್ತಿದ್ದರು. 1993ರ ಹೊತ್ತಿಗೆ ವಾಣಿಜ್ಯ ಕಂಪನಿಗಳ ಗ್ರಾಹಕರು ವರ್ಷವಿಡೀ ಬರತೊಡಗಿದ ಮೇಲೆ ಕಲಿಸುವ ಹಳಬರು ಸೋತುಹೋದರು. ಅಂದಿನಿಂದ ಅಲ್ಲಿನವರು ಆ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎನ್ನುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಬಂದವರ ಸಂಖ್ಯೆಗಿಂತ ಬರುವ ವೇಗ. ಹೊಸಬರಿಗೆ ಕಲಿಸುವ ಹಳಬರ ಶಕ್ತಿಗೆ ಒಂದು ಮಿತಿ ಇದೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಗುಂಪುಗಳು ಗುರಿ ಮರೆತದ್ದಿದೆ. ಸಂಘಟನೆ ದೊಡ್ಡದಾದಂತೆ ಅದನ್ನು ನಡೆಸುವವರಿಗೆ ಮೂಲ ಗುರಿಗಿಂತ ತಮ್ಮ ಸ್ಥಾನ ಮುಖ್ಯವಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಶೆಲ್ಸ್ ಯುರೋಪಿನ ಸಮಾಜವಾದಿ ಪಕ್ಷಗಳನ್ನು ನೋಡಿ 1911ರಲ್ಲೇ ಬರೆದ. ಕನ್ನಡಿಗರಿಗೆ ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಕನ್ನಡ ಸಾಹಿತ್ಯ ಪರಿಷತ್ತು 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ನುಡಿಯ ಮೂಲಕ ಹತ್ತಿರ ತರುವುದು, ಗ್ರಂಥ ಸಂಪಾದನೆ, ನಿಘಂಟು ಇಂಥ ಕೆಲಸಗಳು ಅದರ ಮುಂದಿದ್ದವು. ಎಚ್.ವಿ. ನಂಜುಂಡಯ್ಯ ಮೊದಲ ಅಧ್ಯಕ್ಷರು. ಇಂದು ಸದಸ್ಯರು ಮೂರು ಲಕ್ಷಕ್ಕೂ ಹೆಚ್ಚು. 2021ರ ಅಧ್ಯಕ್ಷ ಚುನಾವಣೆಯ ಪ್ರಚಾರ ನೋಡಿದವರಿಗೆ ವಿಧಾನಸಭೆಯ ಚುನಾವಣೆ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಸದಸ್ಯತ್ವ ಹಿಗ್ಗಿದ್ದರಿಂದ ಪರಿಷತ್ತು ಹೋಬಳಿ ಮಟ್ಟಕ್ಕೂ ಮುಟ್ಟಿತು, ಅದು ದೊಡ್ಡ ಗಳಿಕೆ. ನಿಘಂಟಿನ ಕೆಲಸ ಮಾತ್ರ ಯಾವ ಅಭ್ಯರ್ಥಿಗೂ ವೋಟು ತರುವುದಿಲ್ಲ.

ಕನ್ನಡ ವಿಕಿಪೀಡಿಯದ ಕಥೆ ಇನ್ನೂ ಬೇರೆ. 2003ರಲ್ಲಿ ಶುರುವಾಗಿ, ಕೆಲವೇ ಜನ ಸ್ವಂತ ಆಸಕ್ತಿಯಿಂದ ಕೈಯಾರೆ ಕಟ್ಟಿದ್ದು ಅದು. ಆ ದಶಕದ ಕೊನೆಗೆ ಗೂಗಲ್ ತನ್ನ ಅನುವಾದ ಯಂತ್ರಕ್ಕೆ ಸರಕು ಬೇಕೆಂದು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಹಣ ಕೊಟ್ಟು ಲೇಖನಗಳನ್ನು ಅನುವಾದ ಮಾಡಿಸಿತು. ಕನ್ನಡಕ್ಕೂ ಉದ್ದುದ್ದ ಲೇಖನಗಳು ಬಂದವು. ಓದಿದರೆ ಬಾಯಿಗೆ ಬಾರದ ವಾಕ್ಯಗಳು. ವಿಷಯಗಳೋ, ಎಷ್ಟೋ ಸಲ, ಕನ್ನಡದ ಓದುಗರು ಹುಡುಕದವು. ತಿದ್ದುವ ಭಾರ ಬಿದ್ದದ್ದು ಬೆರಳೆಣಿಕೆಯ ಸ್ವಯಂಸೇವಕರ ಮೇಲೆ. ಬಂಗಾಳಿ ವಿಕಿಪೀಡಿಯದವರು ಅಂಥ ಲೇಖನಗಳನ್ನು ಬೇಡವೆಂದೇ ನಿಲ್ಲಿಸಿದರು. ಒಂದು ಬಳಗ ತನ್ನ ಬೆಳವಣಿಗೆಯನ್ನು ಎಣಿಕೆಯಿಂದ ಅಳೆಯಲು ಹೊರಟರೆ, ಎಣಿಕೆ ಹೆಚ್ಚಿಸಿ ಕೊಡುವವರು ಹೊರಗಿನಿಂದ ಬಂದೇ ಬರುತ್ತಾರೆ. ಪುಟ್ಟೇನಹಳ್ಳಿಯ ಗ್ರೂಪುಗಳಲ್ಲೂ ಸಾವಿರ ಸದಸ್ಯರಾದರು ಎಂದು ಸಂಭ್ರಮಿಸುವುದನ್ನು ನಾನು ಕಂಡಿದ್ದೇನೆ. ಎಷ್ಟು ಬೀದಿದೀಪ ಸರಿಹೋಯಿತು ಎಂಬ ಸಂಭ್ರಮವನ್ನು ಕಂಡದ್ದು ಕಡಿಮೆ.

ಹಾಗಾದರೆ ದೊಡ್ಡದಾಗುವುದೇ ತಪ್ಪೇ? ಇಲ್ಲಿ ನಮ್ಮ ಹಳಹಳಿಕೆಗೆ ಕಡಿವಾಣ ಹಾಕುವ ಅಧ್ಯಯನಗಳಿವೆ. ರೆಡ್ಡಿಟ್ ಜಾಲತಾಣದಲ್ಲಿ ಭಯದ ಕಥೆ ಬರೆಯುವವರ ಗುಂಪೊಂದು 2014ರಲ್ಲಿ ಇದ್ದಕ್ಕಿದ್ದಂತೆ ಬೃಹತ್ತಾಗಿ ಬೆಳೆಯಿತು. ಅದು ಹಾಳಾಗಲಿಲ್ಲ ಎಂದು 2016ರ ಒಂದು ಸಂಶೋಧನೆ ತೋರಿಸಿತು. ನೋಡಿಕೊಳ್ಳುವವರ ತಂಡ ಚುರುಕಾಗಿತ್ತು, ನಿಯಮಗಳು ಸ್ಪಷ್ಟವಾಗಿದ್ದವು, ಹಳೆಯ ಸದಸ್ಯರು ತಾವೇ ಹೊಸಬರನ್ನು ತಿದ್ದುತ್ತಿದ್ದರು. ಅದೇ ತಾಣದ ಹತ್ತು ಗುಂಪುಗಳನ್ನು ನೋಡಿದ 2017ರ ಇನ್ನೊಂದು ಅಧ್ಯಯನವೂ, ಭಾರೀ ಬೆಳವಣಿಗೆಯ ನಂತರ ಗುಣಮಟ್ಟ ಕುಸಿದೇ ತೀರುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು ಎಂದಿತು. ಬಿಗಿ ಮಾಡಿದರೂ ಅಪಾಯವೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರಿಂದ ಸಂಪಾದಕರ ಸಂಖ್ಯೆ ಇಳಿಯತೊಡಗಿತು. ಗುಣಮಟ್ಟ ಕಾಯಲು ಇಟ್ಟ ಯಾಂತ್ರಿಕ ತಪಾಸಣೆ, ಸದ್ಬುದ್ಧಿಯಿಂದ ಬಂದ ಹೊಸಬರನ್ನೂ ಅಟ್ಟಿಬಿಟ್ಟಿತ್ತು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಇವನ್ನೆಲ್ಲ ಓದಿ ಮತ್ತೆ ನಮ್ಮ ಬೀದಿಗೆ ಬಂದರೆ, ಪರದೇಶದ ಅಧ್ಯಯನಗಳು ಹೇಳದ ಒಂದು ಕಾರಣ ಇಲ್ಲಿ ಎದ್ದು ಕಾಣುತ್ತದೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ನಗರದ ಯಾವ ವಾರ್ಡಿಗೂ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆ ಮಾಡಿದರು. ಈ ನಡುವೆ ಚರಂಡಿ ಕಟ್ಟಿಕೊಂಡು ಕಷ್ಟಪಟ್ಟವರು, ಬೀದಿನಾಯಿಯಿಂದ ಕಚ್ಚಿಸಿಕೊಂಡವರು, ಖಾತೆಗೆ ಅಲೆದವರು ಯಾರ ಹತ್ತಿರ ಹೋಗಬೇಕಿತ್ತು? ಪರಿಚಿತ ಮುಖದ ಪ್ರತಿನಿಧಿ ಇಲ್ಲ. ವಾರ್ಡ್ ಸಮಿತಿ ಸಭೆ ಸೇರಿದ ಕಡೆಯೂ ನಿರ್ಧಾರಕ್ಕೆ ಬಲವಿಲ್ಲ. ಆಗ ಜನ ತಮ್ಮ ಕೈಯಲ್ಲಿದ್ದ ಗ್ರೂಪಿಗೇ ಎಲ್ಲವನ್ನೂ ತಂದು ಸುರಿದರು. ಕೆರೆಯ ಗ್ರೂಪಿನಲ್ಲಿ ಗುಂಡಿಯ ಫೋಟೊ, ನೀರಿನ ಗ್ರೂಪಿನಲ್ಲಿ ಕರೆಂಟಿನ ದೂರು. ಒಂಟಿಯಾಗಿರುವ ಹಿರಿಯರು ಶುಭೋದಯ ಕಳಿಸುವುದರ ಹಿಂದೆಯೂ, ನಾನಿನ್ನೂ ಇಲ್ಲಿದ್ದೇನೆ ಎಂದು ಯಾರಿಗಾದರೂ ತಿಳಿಸುವ ಆಸೆ ಇದೆ. ಅವರನ್ನು ಗದರಿಸಿ ಬಾಯಿ ಮುಚ್ಚಿಸುವುದು ನನಗೆ ನೋವಿನ ಸಂಗತಿ. ಗುಂಪು ದಿಕ್ಕು ತಪ್ಪಿತು ಎಂದು ನಾವು ಬೈಯುವಾಗ, ಬೇರೆಲ್ಲೂ ಕೇಳುವವರಿಲ್ಲದ ಅಗತ್ಯಗಳು ಅಲ್ಲಿ ಬಂದು ನಿಂತಿವೆ ಎಂಬುದನ್ನು ಮರೆಯುತ್ತೇವೆ.

ಕೆರೆ ಕಟ್ಟಿದ ನಮ್ಮ ಹಿರಿಯರು ಏರಿಯ ಜೊತೆಗೆ ಎರಡು ವ್ಯವಸ್ಥೆ ಮಾಡುತ್ತಿದ್ದರು: ಬೇಕಾದಾಗ ನೀರು ಬಿಡಲು ತೂಬು, ಹೆಚ್ಚಾದದ್ದು ತಾನಾಗಿ ಹರಿದುಹೋಗಲು ಕೋಡಿ. ಕೋಡಿ ಇಲ್ಲದ ಕೆರೆಯ ಏರಿ ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಚೆನ್ನಾಗಿ ನಡೆಯುವ ಗುಂಪುಗಳಲ್ಲೂ ಹೀಗೊಂದು ಕೋಡಿ ಇರುತ್ತದೆ. ಹರಟೆಗೆ ಪ್ರತ್ಯೇಕ ಗ್ರೂಪು, ಮಾರಾಟಕ್ಕೆ ಪ್ರತ್ಯೇಕ, ಕೆಲಸದ ಗ್ರೂಪಿನಲ್ಲಿ ಕೆಲಸದ ಮಾತು. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವ ಅನುಕೂಲವನ್ನು ವಾಟ್ಸ್‌ಆ್ಯಪ್ 2018ರಲ್ಲೇ ಕೊಟ್ಟಿದೆ. ಗ್ರೂಪಿನ ಸದಸ್ಯರ ಮಿತಿ ಮಾತ್ರ ಏರುತ್ತಲೇ ಹೋಯಿತು: 2016ರಲ್ಲಿ 256 ಇದ್ದದ್ದು 2022ರಲ್ಲಿ ಮೊದಲು 512 ಆಯಿತು, ಅದೇ ವರ್ಷ 1024ಕ್ಕೆ ಮುಟ್ಟಿತು. ಮನುಷ್ಯನೊಬ್ಬ ನಿಜವಾಗಿ ಸಂಬಂಧ ಇಟ್ಟುಕೊಳ್ಳಬಲ್ಲದ್ದು ಸುಮಾರು 150 ಜನರ ಜೊತೆ ಎಂದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅಂದಾಜು ಮಾಡಿದ್ದನ್ನು ಇಲ್ಲಿ ನೆನೆಯಬಹುದು. ಆ ಅಂಕಿಯ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಆದರೂ 1024 ಜನರಲ್ಲಿ ಬಹುಪಾಲು ಒಬ್ಬರಿಗೊಬ್ಬರು ಅಪರಿಚಿತರು ಎಂಬುದಕ್ಕೆ ಯಾವ ತಕರಾರೂ ಇಲ್ಲ.

ಅಪರಿಚಿತರ ಗುಂಪಿನಲ್ಲಿ ಏನಾಗಬಹುದು ಎಂಬುದಕ್ಕೆ ಕರ್ನಾಟಕ ಭಾರಿ ಬೆಲೆ ತೆತ್ತಿದೆ. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಹಬ್ಬಿದ್ದಾಗ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಅನುಮಾನಕ್ಕೆ ಒಳಗಾದ ಹೈದರಾಬಾದಿನ ಎಂಜಿನಿಯರ್ ಗುಂಪಿನ ಹೊಡೆತಕ್ಕೆ ಬಲಿಯಾದರು. ವದಂತಿಯ ವಿಡಿಯೊ ಹರಿದದ್ದು ಸ್ಥಳೀಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಆ ಗ್ರೂಪಿನ ಅಡ್ಮಿನ್‌ನನ್ನೂ ಪೊಲೀಸರು ಬಂಧಿಸಿದರು. ಆ ತಿಂಗಳಲ್ಲೇ ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ಫಾರ್ವರ್ಡ್ ಮಾಡುವ ಮಿತಿ ಬಂತು. ಊರ ಸುದ್ದಿ ಹಂಚಿಕೊಳ್ಳಲೆಂದು ಸೇರಿದ ಗುಂಪು ಕೊಲೆಗೆ ದಾರಿಯಾಗಬಹುದು ಎಂದು ಆ ಗ್ರೂಪು ಶುರುಮಾಡಿದ ದಿನ ಯಾರೂ ಎಣಿಸಿರಲಾರರು.

ಇದಕ್ಕೆ ಎದುರಾಗಿ ಉದ್ದೇಶ ಉಳಿಸಿಕೊಂಡ ಗುಂಪುಗಳೂ ನಮ್ಮಲ್ಲೇ ಇವೆ. ಕನ್ನಡ ಬಾರದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡ ಕಲಿಸಲು ಹುಟ್ಟಿದ ‘ಕನ್ನಡ ಗೊತ್ತಿಲ್ಲ’ ಪಾಠಕ್ಕೆ ಅಂಟಿಕೊಂಡದ್ದರಿಂದಲೇ ಬೆಳೆಯಿತು. ಪ್ರಜಾ ಎಂಬ ಬೆಂಗಳೂರಿನ ಆನ್‌ಲೈನ್ ಬಳಗದ ಚರ್ಚೆಗಳು 2010ರಲ್ಲಿ ‘ನಮ್ಮ ರೈಲು’ ಅಭಿಯಾನವಾದವು. ಉಪನಗರ ರೈಲಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ. ನಡುವಿನ ಹತ್ತು ವರ್ಷ ದೊಡ್ಡ ತಾಳ್ಮೆಯ ಕೆಲಸ. ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಂ ಲೋಕದ ಅನೇಕ ಕಡೆಯ ನೀರಾವರಿ, ಕಾಡು, ಮೀನುಗಾರಿಕೆಯ ಬಳಗಗಳನ್ನು ನೋಡಿ 1990ರ ತಮ್ಮ ಪುಸ್ತಕದಲ್ಲಿ, ಇಂಥ ಬಳಗಗಳು ಬಾಳಲು ಬೇಕಾದದ್ದನ್ನು ಹೇಳಿದರು: ಯಾರು ಒಳಗಿನವರು ಎಂಬುದು ಸ್ಪಷ್ಟವಿರಬೇಕು, ನಿಯಮವನ್ನು ಪಾಲಿಸುವವರೇ ಮಾಡಬೇಕು, ತಪ್ಪಿದರೆ ಮೊದಲು ಸಣ್ಣ ಶಿಕ್ಷೆ, ಜಗಳ ತೀರಿಸಲು ಹತ್ತಿರದಲ್ಲೇ ಒಂದು ಜಾಗ, ಮತ್ತು ಸರ್ಕಾರ ಈ ಬಳಗಕ್ಕೆ ಹಕ್ಕಿದೆಯೆಂದು ಒಪ್ಪಬೇಕು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಸರ್ಕಾರ ಬಳಗದ ಹಕ್ಕನ್ನು ಒಪ್ಪಬೇಕು ಎಂಬ ಮಾತಿನಲ್ಲೇ ನಮ್ಮ ಕೆರೆ ಬಳಗಗಳ ಕಷ್ಟ ಇದೆ. 2000ರ ದಶಕದಲ್ಲಿ ಹೆಬ್ಬಾಳ, ನಾಗವಾರ ಕೆರೆಗಳನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ ಊರೆಲ್ಲ ಪ್ರತಿಭಟಿಸಿದ ಅನುಭವ ನಮಗಿದೆ. 2020ರ ಮಾರ್ಚ್‌ನಲ್ಲಿ ಹೈಕೋರ್ಟ್ ಕೆರೆಗಳ ವಿಚಾರದಲ್ಲಿ ಖಾಸಗಿ ಕಂಪನಿಗಳ ಜೊತೆಗಿನ ಒಪ್ಪಂದಗಳನ್ನು ತಡೆಯಿತು. ಕಂಪನಿಗಳನ್ನು ದೂರ ಇಟ್ಟದ್ದು ಸರಿಯೇ. ಆದರೆ ಪಾಲಿಕೆ ಅದೇ ನೆಪದಲ್ಲಿ ನಾಗರಿಕ ಟ್ರಸ್ಟುಗಳ ಒಪ್ಪಂದಗಳನ್ನೂ ನವೀಕರಿಸದೆ ಬಿಟ್ಟಿತು. ಇದು ದೊಡ್ಡ ತಪ್ಪು. ಕೆಲಸ ಕಸಿದುಕೊಂಡ ಬಳಗಕ್ಕೆ ಉಳಿಯುವುದು ಮಾತು ಮಾತ್ರ, ಮಾತು ಮಾತ್ರ ಉಳಿದ ಗುಂಪು ಎತ್ತ ಹೋಗುತ್ತದೆಂಬುದನ್ನು ಈ ಬೀದಿಗಳ ಗ್ರೂಪುಗಳಲ್ಲಿ ದಿನಾ ನೋಡುತ್ತಿದ್ದೇವೆ.

ಆದ್ದರಿಂದ ಐದು ಪಾಲಿಕೆಗಳಿಗೂ ನನ್ನ ಕೋರಿಕೆ: ಕೆರೆಯ ದಿನನಿತ್ಯದ ಕಾವಲನ್ನು ಸುತ್ತಲಿನವರ ನೋಂದಾಯಿತ ಬಳಗಗಳಿಗೆ, ಲೆಕ್ಕಪರಿಶೋಧನೆಯ ಷರತ್ತಿನ ಮೇಲೆ, ಮತ್ತೆ ವಹಿಸಿ. ಆ ಬಳಗದಲ್ಲಿ ಹಳೆಯ ಹಳ್ಳಿಯವರಿಗೂ, ಕೆರೆಯಂಚಿನ ಬಡವರಿಗೂ ಕುರ್ಚಿ ಇರಲಿ. ವಾರ್ಡ್ ಸಮಿತಿಯ ಸಭೆಗಳನ್ನು ತಪ್ಪದೆ ನಡೆಸಿ, ನಿರ್ಣಯಗಳನ್ನು ಕನ್ನಡದಲ್ಲಿ ಪ್ರಕಟಿಸಿ. ಗ್ರೂಪುಗಳ ಅಡ್ಮಿನ್‌ಗಳಿಗೂ ಒಂದು ಮಾತು: ನಿಮ್ಮ ಗ್ರೂಪು ಯಾತಕ್ಕಿದೆ ಎಂಬುದನ್ನು ಎರಡು ಸಾಲಿನಲ್ಲಿ ಕನ್ನಡದಲ್ಲೂ ಬರೆದು ಮೇಲೆ ಹಾಕಿ. ದಾರಿ ತಪ್ಪಿದವರಿಗೆ ಎಲ್ಲರ ಮುಂದೆ ಬೈಯದೆ ಖಾಸಗಿಯಾಗಿ ತಿಳಿಸಿ. ತಿಂಗಳಿಗೊಮ್ಮೆ ಯಾವ ಕೆಲಸ ಆಯಿತು, ಯಾವುದು ಬಾಕಿ ಎಂದು ಪಟ್ಟಿ ಕೊಡಿ. ಹೇಳಿಕೊಳ್ಳುವ ಕೆಲಸ ಏನೂ ಉಳಿದಿಲ್ಲವೆಂದರೆ ಆ ಗ್ರೂಪನ್ನು ಗೌರವದಿಂದ ಮುಚ್ಚಿ, ಜನರನ್ನು ಕೆಲಸ ನಡೆಯುತ್ತಿರುವ ಕಡೆಗೆ ಕಳಿಸಿಕೊಡಿ.